ಮನೆಯೊಳಗೆ ಐವಿ ಬಳ್ಳಿ ಉಳಿಯುತ್ತಿಲ್ಲವೇ? ಹಂತ ಹಂತವಾಗಿ ಬೆಳೆಸುವ ಸಮಗ್ರ ಮಾರ್ಗದರ್ಶಿ

ಐವಿ ತಂದವರ ದೂರು ಹೆಚ್ಚುಕಡಿಮೆ ಒಂದೇ. ತಂದಾಗ ಕುಂಡದ ತುಂಬ ಎಲೆ ಇತ್ತು. ಒಂದೆರಡು ತಿಂಗಳಲ್ಲಿ ಬುಡದ ಎಲೆಗಳು ಒಣಗಲು ಶುರುವಾದವು. ನೀರು ಸಾಲುತ್ತಿಲ್ಲವೇನೋ ಅಂತ ಇನ್ನಷ್ಟು ಹಾಕಿದರು. ಗಿಡ ಇನ್ನೂ ಬೇಗ ಹೋಯಿತು. ಮತ್ತೊಂದು ತಂದರು, ಅದೂ ಹಾಗೇ ಆಯಿತು.

ಇವರು ಆರೈಕೆಯಲ್ಲಿ ಏನೂ ಕಮ್ಮಿ ಮಾಡಿರುವುದಿಲ್ಲ. ಮನಿ ಪ್ಲಾಂಟ್‌ಗೆ ಮಾಡುವುದನ್ನೇ ಐವಿಗೂ ಮಾಡಿರುತ್ತಾರೆ, ತೊಂದರೆ ಇರುವುದು ಅಲ್ಲೇ. ಮನಿ ಪ್ಲಾಂಟ್ ಸೆಕೆ ತಡೆಯುವ ಗಿಡ. ಐವಿ ತಂಪು ಹವೆಯ ಕಾಡುಗಳಲ್ಲಿ ನೆಲದ ಮೇಲೆ, ಮರದ ಕಾಂಡದ ಮೇಲೆ ಹಬ್ಬುವ ಬಳ್ಳಿ. ಚಳಿಯನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಬಿಸಿಯಾದ, ಒಣಗಿದ, ಗಾಳಿಯಾಡದ ಕೋಣೆ ಮಾತ್ರ ಅದಕ್ಕೆ ಆಗದು. ಅಂಥ ಕೋಣೆಯಲ್ಲಿ ಎಲೆಯಡಿ ನುಸಿ (ರಸ ಹೀರುವ ಅತಿ ಚಿಕ್ಕ ಜೀವಿ, ಇಂಗ್ಲಿಷಿನಲ್ಲಿ ಸ್ಪೈಡರ್ ಮೈಟ್) ಸೇರುತ್ತದೆ, ಎಲೆ ಒಣಗುತ್ತದೆ. ನಾವು ಅದನ್ನು ಬಾಯಾರಿಕೆ ಅಂದುಕೊಂಡು ನೀರು ಸುರಿಯುತ್ತೇವೆ, ಬೇರು ಕೊಳೆಯುತ್ತದೆ. ಮನೆಯೊಳಗಿನ ಐವಿ ಸಾಯುವುದು ಹೆಚ್ಚಾಗಿ ಈ ದಾರಿಯಲ್ಲೇ.

ಹಾಗಾಗಿ ಇಲ್ಲಿ ಹೇಳುವ ಕ್ರಮ ತಪ್ಪಿಸಬೇಡಿ. ಮೊದಲು ಜಾಗ, ಆಮೇಲೆ ಕುಂಡ ಮತ್ತು ಮಣ್ಣು, ಆಮೇಲೆ ನೀರು, ಅದರ ಜೊತೆಜೊತೆಗೇ ಎಲೆ ತೊಳೆಯುವುದು. ಗೊಬ್ಬರ ಎಲ್ಲಕ್ಕಿಂತ ಕೊನೆಗೆ. ಜಾಗ ಸರಿಯಿಲ್ಲದಿದ್ದರೆ ಉಳಿದದ್ದನ್ನು ಎಷ್ಟು ಚೆನ್ನಾಗಿ ಮಾಡಿದರೂ ಗಿಡ ಹೆಚ್ಚು ದಿನ ಬಾಳುವುದಿಲ್ಲ.

## ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

- ತಳದಲ್ಲಿ ತೂತಿರುವ ಕುಂಡ, ಅದರಡಿಗೆ ತಟ್ಟೆ
- ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಮಣ್ಣು ಸಡಿಲಮಾಡುವ ಹಗುರವಾದ ಬಿಳಿ ಹರಳು), ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ
- ಹರಿತವಾದ ಕತ್ತರಿ, ಅದನ್ನು ಒರೆಸಲು ಸ್ಪಿರಿಟ್
- ಗಿಡದ ಎಲೆಯೆಲ್ಲ ಮುಳುಗುವಷ್ಟು ದೊಡ್ಡ ಬಕೆಟ್, ಎರಡು ಮೂರು ಪ್ಲಾಸ್ಟಿಕ್ ಚೀಲ
- ಒಂದು ಬಿಳಿ ಹಾಳೆ, ಸಾಧ್ಯವಾದರೆ ಒಂದು ಭೂತಗನ್ನಡಿ
- ಕೈಗವಸು

ಕೈಗವಸು ಸುಮ್ನೆ ಹೇಳಿದ್ದಲ್ಲ. ಐವಿಯ ರಸದಲ್ಲಿ ಫಾಲ್ಕರಿನಾಲ್ ಎಂಬ ವಸ್ತು ಇದೆ. ಕೆಲವರಿಗೆ ಅದು ತಗುಲಿದರೆ ಚರ್ಮ ಕೆಂಪಾಗಿ ತುರಿಸುತ್ತದೆ, ಗುಳ್ಳೆಯೂ ಏಳಬಹುದು. ಕತ್ತರಿಸಿದ ತಕ್ಷಣ ಏನೂ ಆಗದೆ ಒಂದೆರಡು ದಿನ ಬಿಟ್ಟು ತುರಿಕೆ ಶುರುವಾಗುವುದರಿಂದ ಕಾರಣ ಗೊತ್ತೇ ಆಗುವುದಿಲ್ಲ. ಎಲೆ ಮತ್ತು ಕಾಯಿ ಹೊಟ್ಟೆಗೆ ಹೋದರೂ ವಿಷವೇ. ನಾಯಿ, ಬೆಕ್ಕು ಅಗಿದರೆ ವಾಂತಿ, ಭೇದಿ ಆಗುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳೋ ಸಾಕುಪ್ರಾಣಿಗಳೋ ಇದ್ದರೆ ಜೋತುಬೀಳುವ ಬಳ್ಳಿಯ ತುದಿಯೂ ಅವುಗಳಿಗೆ ಎಟುಕದ ಎತ್ತರದಲ್ಲಿ ತೂಗುಹಾಕಿ. ಕುಂಡ ಮೇಲಿದ್ದು ಬಳ್ಳಿ ಕೆಳಗಿದ್ದರೆ ಬೆಕ್ಕಿಗೆ ಅದೊಂದು ಆಟದ ಸಾಮಾನು.

## ಹಂತ 1: ತಂದದ್ದು ಐವಿಯೇ ಅಂತ ನೋಡಿ, ಎರಡು ವಾರ ಬೇರೆ ಇಡಿ

ಐವಿ ಅನ್ನುವ ಹೆಸರು ಬೇರೆ ಬೇರೆ ಗಿಡಗಳಿಗೆ ಅಂಟಿಕೊಂಡಿದೆ. ಡೆವಿಲ್ಸ್ ಐವಿ ಅಂದರೆ ಮನಿ ಪ್ಲಾಂಟೇ. ಸ್ವೀಡಿಶ್ ಐವಿ ಮೆತ್ತಗಿನ ದುಂಡೆಲೆಯ, ಅಂಚು ಹಲ್ಲುಹಲ್ಲಾಗಿರುವ ಇನ್ನೊಂದು ಗಿಡ. ಈ ಮಾರ್ಗದರ್ಶಿ ಅವಕ್ಕೆ ಹೊಂದುವುದಿಲ್ಲ. ಇಲ್ಲಿ ಹೇಳುತ್ತಿರುವುದು ಇಂಗ್ಲಿಷ್ ಐವಿ, ಚೀಟಿಯಲ್ಲಿ ಹೆಡೆರಾ ಹೀಲಿಕ್ಸ್ ಅಂತ ಇರುತ್ತದೆ. ಎಲೆ ತೊಗಲಿನ ಹಾಗೆ ಗಟ್ಟಿ, ಸಾಮಾನ್ಯವಾಗಿ ಮೂರರಿಂದ ಐದು ಮೂಲೆ. ಬಲಿತ ಕಾಂಡವನ್ನು ತಿರುಗಿಸಿ ನೋಡಿದರೆ ಗೆಣ್ಣಿನ ಹತ್ತಿರ ಗಿಡ್ಡ ಕಂದು ಬೇರುಗಳು ಸಾಲಾಗಿ ಕಾಣುತ್ತವೆ.

ಕೊಳ್ಳುವಾಗ ಮೇಲಿನ ಹೊಳಪು ನೋಡಿ ಮರುಳಾಗಬೇಡಿ. ಬಳ್ಳಿ ಎತ್ತಿ ಎಲೆಯ ಅಡಿಭಾಗ ನೋಡಿ. ಧೂಳಿನಂಥ ಚುಕ್ಕಿ, ತೆಳು ಬಲೆ, ಬಿಳಿ ಹತ್ತಿಯಂಥ ಗುಂಪು ಕಂಡರೆ ಆ ಗಿಡ ಬೇಡ. ಬುಡದಲ್ಲಿ ಬೋಳಾಗಿ ತುದಿಯಲ್ಲಷ್ಟೇ ಎಲೆ ಇರುವುದೂ ಬೇಡ. ಹೊಸ ಚಿಗುರು ಬರುತ್ತಿರುವ ಚಿಕ್ಕ ಗಿಡವೇ ಒಳ್ಳೆಯದು. ದೊಡ್ಡ ಗಿಡಕ್ಕಿಂತ ಚಿಕ್ಕದು ಹೊಸ ಮನೆಗೆ ಬೇಗ ಒಗ್ಗಿಕೊಳ್ಳುತ್ತದೆ.

ಮನೆಗೆ ತಂದ ಮೇಲೆ ಉಳಿದ ಗಿಡಗಳ ಜೊತೆ ಕೂಡಿಸದೆ ಎರಡು ವಾರ ಬೇರೆ ಕಡೆ ಇಡಿ. ತಂದ ದಿನವೇ ಒಮ್ಮೆ ಎಲೆ ತೊಳೆಯಿರಿ (ವಿಧಾನ ಹಂತ 5ರಲ್ಲಿದೆ). ಈ ಹಂತ ಬಿಟ್ಟುಬಿಡುವವರೇ ಜಾಸ್ತಿ. ಮನೆಯ ಗಿಡಗಳಿಗೆಲ್ಲ ನುಸಿ ಹಬ್ಬುವುದು ಬಹಳ ಸಲ ಹೊಸದಾಗಿ ತಂದ ಒಂದು ಗಿಡದಿಂದಲೇ.

## ಹಂತ 2: ಜಾಗ ಗೊತ್ತುಮಾಡಿ

ಐವಿಗೆ ಹಗಲು 15ರಿಂದ 21 ಡಿಗ್ರಿ ಸೆಲ್ಸಿಯಸ್ ಹಿತ. ರಾತ್ರಿ 10 ಡಿಗ್ರಿಗೆ ಇಳಿದರೂ ಚಿಂತೆಯಿಲ್ಲ. 27 ಡಿಗ್ರಿ ದಾಟಿದ ಮೇಲೆ ಅದು ಬಳಲುತ್ತದೆ, ಅದೇ ಹೊತ್ತಿಗೆ ನುಸಿಗೆ ಹಬ್ಬ. ನಿಮ್ಮಲ್ಲಿ ವರ್ಷದ ಕೆಲವು ತಿಂಗಳು ಇದಕ್ಕಿಂತ ಬಿಸಿ ಇದ್ದರೆ ಐವಿ ಬೆಳೆಸಲೇಬಾರದು ಅಂತಲ್ಲ. ಆ ತಿಂಗಳುಗಳಲ್ಲಿ ಮನೆಯ ಅತಿ ತಂಪಾದ, ಬೆಳಕಿರುವ ಮೂಲೆ ಅದಕ್ಕೆ ಮೀಸಲಿಡಬೇಕು, ಅಷ್ಟೆ. ಗಾಳಿ ಬರುವ ಸ್ನಾನದ ಮನೆಯ ಕಿಟಕಿ, ಮೆಟ್ಟಿಲ ಬಳಿಯ ಕಿಟಕಿ, ನೆರಳಿನ ಬಾಲ್ಕನಿ, ಇವು ಹಾಲ್‌ನ ಟೀವಿ ಪಕ್ಕಕ್ಕಿಂತ ಎಷ್ಟೋ ಮೇಲು.

ಬೆಳಕು ಚೆನ್ನಾಗಿರಬೇಕು, ಉರಿಬಿಸಿಲು ಬೀಳಬಾರದು. ಬೆಳಗಿನ ಎಳೆಬಿಸಿಲು ಪರವಾಗಿಲ್ಲ. ಬೆಳಕು ಸಾಲುತ್ತದೆಯೇ ಅಂತ ನೋಡಲು ಸುಲಭ ಪರೀಕ್ಷೆ ಇದೆ. ಮಧ್ಯಾಹ್ನದ ಹೊತ್ತಿಗೆ ಗಿಡ ಇಡುವ ಜಾಗದ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನ ಅಂಚು ಮಸುಕಾಗಿ, ಆದರೆ ಕೈ ಅಂತ ಗೊತ್ತಾಗುವ ಹಾಗೆ ಬಿದ್ದರೆ ಸರಿ. ಅಂಚು ಕತ್ತರಿಸಿದ ಹಾಗೆ ಚೂಪಾಗಿದ್ದರೆ ಬಿಸಿಲು ಜಾಸ್ತಿ. ನೆರಳೇ ಬೀಳದಿದ್ದರೆ ಕತ್ತಲು ಜಾಸ್ತಿ.

ಬಿಳಿ ಅಥವಾ ಹಳದಿ ಪಟ್ಟೆಯ ತಳಿಗಳಿಗೆ ಪೂರ್ತಿ ಹಸಿರಿನ ತಳಿಗಿಂತ ಹೆಚ್ಚು ಬೆಳಕು ಬೇಕು. ಗ್ಲೇಶಿಯರ್, ಗೋಲ್ಡ್ ಚೈಲ್ಡ್ ಮುಂತಾದವು ಈ ಗುಂಪಿನವು. ಬೆಳಕು ಸಾಲದಿದ್ದರೆ ಇವುಗಳ ಹೊಸ ಎಲೆ ಬರೀ ಹಸಿರಾಗಿ ಬರತೊಡಗುತ್ತದೆ. ಮೊದಲ ಸಲ ಬೆಳೆಸುವವರು ಹಸಿರು ತಳಿಯಿಂದಲೇ ಶುರುಮಾಡುವುದು ಕ್ಷೇಮ.

ಇಡಬಾರದ ಜಾಗಗಳು: ಫ್ರಿಜ್‌ನ ಮೇಲೆ, ಒಲೆಯ ಹತ್ತಿರ, ಎಸಿ ಅಥವಾ ಹೀಟರ್ ಗಾಳಿ ನೇರ ಬಡಿಯುವ ಕಡೆ, ಮಧ್ಯಾಹ್ನದ ಬಿಸಿಲಿಗೆ ಕಾಯುವ ಗಾಜಿಗೆ ತಾಗಿ. ಎಸಿ ತಂಪು ಮಾಡುತ್ತದಲ್ಲ, ಐವಿಗೆ ಒಳ್ಳೆಯದೇ ಅಲ್ವಾ ಅಂತ ಕೇಳುತ್ತಾರೆ. ಕೋಣೆ ತಂಪಾಗುವುದು ಒಳ್ಳೆಯದೇ. ಆದರೆ ಎಸಿ ಗಾಳಿಯ ತೇವವನ್ನೂ ಹೀರುತ್ತದೆ, ನೇರ ಗಾಳಿಗೆ ಎಲೆಯ ಅಂಚು ಸುಡುತ್ತದೆ. ಅದೇ ಕೋಣೆಯಲ್ಲಿ ಗಾಳಿ ತಾಗದ ಮೂಲೆ ಆರಿಸಿ.

ಗಾಳಿಗೆ ತೇವ ಕೊಡಲು ದಿನಾ ಎಲೆಗೆ ನೀರು ಚಿಮುಕಿಸುವ ಅಭ್ಯಾಸ ಬಿಡಿ. ಚಿಮುಕಿಸಿದ ತೇವ ಸ್ವಲ್ಪ ಹೊತ್ತಿನಲ್ಲೇ ಹೋಗುತ್ತದೆ, ಎಲೆಯ ಮೇಲೆ ನಿಂತ ಹನಿಗಳು ಚುಕ್ಕೆರೋಗಕ್ಕೆ ದಾರಿ ಮಾಡುತ್ತವೆ. ನಾಲ್ಕೈದು ಗಿಡಗಳನ್ನು ಹತ್ತಿರ ಹತ್ತಿರ ಇಟ್ಟರೆ ಅಷ್ಟಿಷ್ಟು ಅನುಕೂಲ. ಆದರೆ ಎಲೆಗೆ ಎಲೆ ತಾಗದಿರಲಿ, ನುಸಿ ದಾಟುವುದು ಅಲ್ಲಿಂದಲೇ.

## ಹಂತ 3: ಕುಂಡ ಮತ್ತು ಮಣ್ಣು ಸರಿಮಾಡಿ

ತಂದ ದಿನವೇ ಕುಂಡ ಬದಲಿಸಬೇಡಿ. ಬೇರೆ ಇಟ್ಟ ಎರಡು ವಾರ ಮುಗಿಯಲಿ. ಮಣ್ಣು ಕೆಸರಾಗಿ ವಾಸನೆ ಬರುತ್ತಿದ್ದರೆ ಮಾತ್ರ ಕಾಯಬಾರದು.

ಮಿಶ್ರಣ ಹೀಗಿರಲಿ: ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್, ಒಂದು ಪಾಲು ಕಾಂಪೋಸ್ಟ್. ಪರ್ಲೈಟ್ ಸಿಗದಿದ್ದರೆ ತೊಳೆದ ದಪ್ಪ ಮರಳು ಆಗುತ್ತದೆ, ನುಣ್ಣನೆಯ ಮರಳು ಆಗದು. ಕಲಸಿದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ. ಉಂಡೆಯಾಗಿ, ಬೆರಳು ತಾಗಿಸಿದ ಕೂಡಲೇ ಉದುರಬೇಕು. ಉಂಡೆ ಹಾಗೇ ನಿಂತರೆ ಪರ್ಲೈಟ್ ಇನ್ನೂ ಬೇಕು.

ಹೊಸ ಕುಂಡ ಹಳೆಯದಕ್ಕಿಂತ 2ರಿಂದ 4 ಸೆಂಟಿಮೀಟರ್ ಅಗಲ ಇದ್ದರೆ ಸಾಕು. ಮುಂದೆ ಬೆಳೆಯುತ್ತದಲ್ಲ ಅಂತ ದೊಡ್ಡ ಕುಂಡಕ್ಕೆ ಹಾಕುವುದು ತೀರಾ ಸಾಮಾನ್ಯವಾದ ತಪ್ಪು. ಬೇರು ತಲುಪದ ಮಣ್ಣು ನೀರು ಹಿಡಿದುಕೊಂಡು ವಾರಗಟ್ಟಲೆ ಒದ್ದೆಯಾಗೇ ಕೂರುತ್ತದೆ. ಮಣ್ಣಿನ ಕುಂಡ ಬೇಗ ಒಣಗುತ್ತದೆ, ನೀರು ಜಾಸ್ತಿ ಹಾಕುವ ಕೈಯವರಿಗೆ ಅದೇ ಒಳ್ಳೆಯದು. ನೀರು ಹಾಕಲು ಮರೆಯುವವರಿಗೆ ಪ್ಲಾಸ್ಟಿಕ್ ಕುಂಡ.

1. ಹಿಂದಿನ ದಿನ ಗಿಡಕ್ಕೆ ನೀರು ಹಾಕಿಡಿ.
2. ಕುಂಡ ಓರೆಮಾಡಿ, ಬದಿ ತಟ್ಟಿ, ಬೇರಿನ ಮುದ್ದೆಯನ್ನು ಹೊರತೆಗೆಯಿರಿ. ಬಳ್ಳಿ ಹಿಡಿದು ಎಳೆಯಬೇಡಿ.
3. ಬೇರಿನ ಸುತ್ತ ನರ್ಸರಿಯವರು ಸುತ್ತಿದ ತೆಳುವಾದ ಬಲೆಬಟ್ಟೆ ಇದ್ದರೆ ಕತ್ತರಿಸಿ ತೆಗೆಯಿರಿ. ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ.
4. ಹೊಸ ಕುಂಡದಲ್ಲಿ ಹಿಂದೆ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಕೂರಿಸಿ, ಸುತ್ತ ಮಿಶ್ರಣ ತುಂಬಿ. ಮೇಲೆ ಎರಡು ಸೆಂಟಿಮೀಟರ್ ಜಾಗ ಬಿಡಿ.
5. ತಳದಿಂದ ಹರಿಯುವಷ್ಟು ನೀರು ಹಾಕಿ, ಒಂದು ವಾರ ಸ್ವಲ್ಪ ನೆರಳಲ್ಲಿಡಿ.

ನೀರು ಬಸಿಯಲಿ ಅಂತ ತಳದಲ್ಲಿ ಜಲ್ಲಿ ಹಾಸುವವರಿದ್ದಾರೆ. ಅದರಿಂದ ಬಸಿಯುವುದು ಹೆಚ್ಚುವುದಿಲ್ಲ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಂತು, ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತೂತಿನಿಂದ ಮಣ್ಣು ಹೋಗದಂತೆ ಒಂದು ಚೂರು ಜಾಳಿಗೆ ಇಟ್ಟರೆ ಮುಗಿಯಿತು. ಚೆನ್ನಾಗಿ ಬೆಳೆಯುವ ಗಿಡಕ್ಕೆ ಒಂದೆರಡು ವರ್ಷಕ್ಕೊಮ್ಮೆ ಹೀಗೆ ಕುಂಡ ಬದಲಿಸಿ.

## ಹಂತ 4: ನೀರು ಹಾಕುವ ಮೊದಲು ಬೆರಳು ಹಾಕಿ

ವಾರಕ್ಕೆ ಎಷ್ಟು ಸಲ ನೀರು? ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಯಾಕೆಂದರೆ ಕೊಟ್ಟರೆ ಅದನ್ನೇ ಪಾಲಿಸಿ ಗಿಡ ಕಳೆದುಕೊಳ್ಳುತ್ತೀರಿ. ಕುಂಡ, ಮಣ್ಣು, ಹವೆ, ಬೆಳಕು ಎಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಚಳಿ ಇರುವಾಗ ಹತ್ತು ದಿನ ಬೇಡವಾಗಬಹುದು, ಬಿಸಿ ಇರುವಾಗ ಮೂರೇ ದಿನಕ್ಕೆ ಬೇಕಾಗಬಹುದು.

ಮಾಡಬೇಕಾದ್ದು ಇಷ್ಟು. ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ, ಅಂದರೆ ಸುಮಾರು ಎರಡು ಸೆಂಟಿಮೀಟರ್, ಮಣ್ಣಿಗೆ ಇಳಿಸಿ. ಅಷ್ಟೂ ಒಣಗಿದ್ದರೆ ನೀರು ಹಾಕಿ. ಬೆರಳ ತುದಿಗೆ ತೇವ ತಗುಲಿ ಮಣ್ಣು ಅಂಟಿಕೊಂಡರೆ ಇವತ್ತು ಬೇಡ. ಜೊತೆಗೆ ಕುಂಡ ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀರು ಹಾಕಿದ ಮೇಲೆ ಒಮ್ಮೆ, ಒಣಗಿದಾಗ ಒಮ್ಮೆ ಎತ್ತಿ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ತೂಗುಕುಂಡಕ್ಕೆ ಬೆರಳು ಎಟುಕದಿದ್ದರೆ ತಳಕ್ಕೆ ಅಂಗೈ ಕೊಟ್ಟು ಸ್ವಲ್ಪ ಎತ್ತಿದರೂ ಸಾಕು.

ಹಾಕುವಾಗ ಪೂರ್ತಿ ಹಾಕಿ. ತಳದ ತೂತಿನಿಂದ ಹರಿದು ಬರುವವರೆಗೆ, ನಿಧಾನವಾಗಿ, ಮಣ್ಣಿಗೇ. ಅರ್ಧ ಗಂಟೆಯ ಮೇಲೆ ತಟ್ಟೆಯ ನೀರು ಚೆಲ್ಲಿ. ದಿನಾ ಒಂದೊಂದು ಲೋಟ ಹಾಕುವುದು ಎರಡು ಥರ ಕೆಡುಕು: ಮೇಲ್ಮಣ್ಣು ಯಾವಾಗಲೂ ಒದ್ದೆ, ಒಳಗಿನ ಬೇರಿಗೆ ನೀರೇ ಇಲ್ಲ.

ಕೋಕೋಪೀಟ್ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಆ ಸಂದಿನಲ್ಲಿ ಸರ್ರನೆ ಇಳಿದು ತಟ್ಟೆಗೆ ಬರುತ್ತದೆ. ನೋಡುವವರಿಗೆ ನೀರು ಹರಿಯಿತು ಅನ್ನಿಸುತ್ತದೆ, ಮುದ್ದೆಯ ಒಳಗೆ ಒಣಕಲು ಒಣಕಲೇ. ನೀರು ಹಾಕಿದ ಮೇಲೂ ಕುಂಡ ಹಗುರವಾಗೇ ಇದ್ದರೆ ಇದೇ ಆಗಿದೆ. ಕುಂಡವನ್ನು ಅದರ ಅರ್ಧ ಎತ್ತರದವರೆಗೆ ಬರುವಷ್ಟು ನೀರಿರುವ ಬಕೆಟ್‌ನಲ್ಲಿ ಅರ್ಧ ಗಂಟೆ ಕೂರಿಸಿ, ಮೇಲ್ಮಣ್ಣು ಒದ್ದೆಯಾದ ಮೇಲೆ ತೆಗೆದು ಬಸಿಯಲು ಬಿಡಿ.

ಇನ್ನೊಂದು ಮಾತು. ತೆಳು ಎಲೆಯ ಗಿಡಗಳು ಬಾಯಾರಿದರೆ ಜೋತುಬಿದ್ದು ಹೇಳುತ್ತವೆ. ಐವಿ ಎಲೆ ಗಟ್ಟಿಯಾದ್ದರಿಂದ ಅಷ್ಟು ಬೇಗ ಜೋಲುವುದಿಲ್ಲ. ಎಲೆ ಇನ್ನೂ ಹಸಿರಾಗಿರುವಾಗಲೇ ಒಳಗೆ ಒಣಗಿ, ಮುಟ್ಟಿದರೆ ಗರಿಗರಿ ಅನ್ನುತ್ತದೆ. ಆ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಎಲೆ ನೋಡಿ ನೀರು ಹಾಕಬೇಡಿ, ಮಣ್ಣು ನೋಡಿ ಹಾಕಿ.

## ಹಂತ 5: ಎಲೆ ತೊಳೆಯಿರಿ

ಐವಿ ಉಳಿಯುವುದು ಬಿಡುವುದು ಬಹುಪಾಲು ಈ ಕೆಲಸದ ಮೇಲಿದೆ ಅಂದರೂ ತಪ್ಪಿಲ್ಲ. ನುಸಿಗಳು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಎಲೆಯಡಿ ಕೂತು ರಸ ಹೀರುತ್ತವೆ. ನೀರಿನ ಹೊಡೆತಕ್ಕೆ ಅವು ಕಿತ್ತು ಬರುತ್ತವೆ. ಹವೆ ತಂಪಿದ್ದಾಗ ಎರಡು ವಾರಕ್ಕೊಮ್ಮೆ, ಬಿಸಿ ಮತ್ತು ಒಣಹವೆ ಇದ್ದಾಗ ವಾರಕ್ಕೊಮ್ಮೆ ತೊಳೆಯಿರಿ. ನುಸಿ ಕಂಡ ಮೇಲೆ ಅಲ್ಲ, ಕಾಣುವ ಮೊದಲೇ.

1. ಬೆಳಿಗ್ಗೆ ಮಾಡಿ. ಸಂಜೆಯೊಳಗೆ ಎಲೆ ಒಣಗಬೇಕು.
2. ಕುಂಡವನ್ನು ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ಚೀಲದ ಬಾಯನ್ನು ಕಾಂಡದ ಬುಡಕ್ಕೆ ಸುತ್ತಿ ಸಡಿಲವಾಗಿ ಕಟ್ಟಿ. ಮಣ್ಣು ಬೀಳಬಾರದು, ನೆನೆಯಲೂಬಾರದು.
3. ಬಕೆಟ್ ತುಂಬ ಸಾಧಾರಣ ಬಿಸುಪಿನ ನೀರು ತೆಗೆದುಕೊಳ್ಳಿ. ಬಿಸಿನೀರು ಬೇಡ.
4. ಒಂದು ಕೈಯಲ್ಲಿ ಚೀಲದ ಮೇಲಿಂದ ಮಣ್ಣನ್ನು ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ತಳ ಹಿಡಿದು, ಕುಂಡವನ್ನು ತಲೆಕೆಳಗು ಮಾಡಿ. ಬಳ್ಳಿಯೆಲ್ಲ ನೀರಿನಲ್ಲಿ ಮುಳುಗಲಿ.
5. ಆ ಕಡೆ ಈ ಕಡೆ ಅಲ್ಲಾಡಿಸಿ, ಮೇಲೆತ್ತಿ, ಮತ್ತೆ ಮುಳುಗಿಸಿ. ಒಂದೆರಡು ನಿಮಿಷ ಹೀಗೆ ಮಾಡಿ. ನೀರು ಕಲಕಿ ಧೂಳು ತಳಕ್ಕೆ ಇಳಿಯುವುದು ಕಾಣುತ್ತದೆ.
6. ನೇರ ಮಾಡಿ, ಬಳ್ಳಿಗಳನ್ನು ಮೆಲ್ಲಗೆ ಕೊಡವಿ, ಗಾಳಿಯಾಡುವ ನೆರಳಿನಲ್ಲಿ ಒಣಗಲು ಬಿಡಿ. ಆಮೇಲೆ ಚೀಲ ಬಿಚ್ಚಿ.

ಗಿಡ ದೊಡ್ಡದಾಗಿ ಬಕೆಟ್‌ಗೆ ಹಿಡಿಯದಿದ್ದರೆ ಶವರ್ ಕೆಳಗೆ ಓರೆಯಾಗಿ ಇಟ್ಟು, ಅಡಿಭಾಗಕ್ಕೆ ನೀರು ಬೀಳುವ ಹಾಗೆ ತಿರುಗಿಸುತ್ತಾ ತೊಳೆಯಿರಿ. ಬಟ್ಟೆಯಲ್ಲಿ ಎಲೆಯ ಮೇಲ್ಭಾಗ ಒರೆಸುವುದು ಅಂದಕ್ಕೆ ಸರಿ. ನುಸಿ ಇರುವುದು ಕೆಳಗೆ, ಅದು ಒರೆಸಿದರೆ ಹೋಗದು. ಎಲೆಗೆ ಹೊಳಪು ಬರಲಿ ಅಂತ ಎಣ್ಣೆ ಹಚ್ಚುವುದು ಬೇಡವೇ ಬೇಡ.

ತೊಳೆಯುವ ಮೊದಲು ತಿಂಗಳಿಗೆ ಎರಡು ಸಲವಾದರೂ ಬಿಳಿ ಹಾಳೆಯ ಪರೀಕ್ಷೆ ಮಾಡಿ. ಬಳ್ಳಿಯಡಿ ಹಾಳೆ ಹಿಡಿದು ಎಲೆಗಳನ್ನು ನಾಲ್ಕು ಸಲ ತಟ್ಟಿ. ಬಿದ್ದ ಚುಕ್ಕಿಗಳನ್ನು ಅರ್ಧ ನಿಮಿಷ ನೋಡುತ್ತಿರಿ. ಧೂಳಾದರೆ ಬಿದ್ದಲ್ಲೇ ಇರುತ್ತದೆ. ಮೆಲ್ಲಗೆ ಸರಿಯತೊಡಗಿದರೆ ಅದು ನುಸಿ, ಮುಂದಿನ ಹಂತಕ್ಕೆ ಹೋಗಿ.

## ಹಂತ 6: ನುಸಿ ಬಂದೇಬಿಟ್ಟರೆ

ಮೊದಲ ಗುರುತು ಎಲೆಯ ಮೇಲೆ ಸೂಜಿಮೊನೆಯಷ್ಟು ಚಿಕ್ಕ, ತಿಳಿಹಳದಿ ಚುಕ್ಕಿಗಳು. ಆಮೇಲೆ ಎಲೆ ಪೂರ್ತಿ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಗೆಣ್ಣಿನ ಸಂದಿನಲ್ಲಿ ತೆಳುಬಲೆ ಕಂಡರೆ ಗುಂಪು ಬಹಳ ದೊಡ್ಡದಾಗಿದೆ ಅಂತ ಅರ್ಥ.

ಮಾಡಬೇಕಾದ ಕ್ರಮ ಇದು. ಗಿಡವನ್ನು ಬೇರೆ ಕಡೆ ಒಯ್ಯಿರಿ. ತೀರಾ ಹಾಳಾದ ಬಳ್ಳಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಉಳಿದದ್ದನ್ನು ಹಂತ 5ರ ಹಾಗೆ ತೊಳೆಯಿರಿ. ಒಣಗಿದ ಮೇಲೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಮೆದುವಾದ ದ್ರವ ಸೋಪು ಬೆರೆಸಿ, ಎಲೆಯ ಅಡಿಭಾಗ ತೊಯ್ಯುವ ಹಾಗೆ ಸಿಂಪಡಿಸಿ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಕಟುವಾದ ದ್ರವ ಬೇಡ, ಎಲೆ ಸುಡುತ್ತವೆ. ಸೋಪಿನ ಬದಲು ಬೇವಿನ ಎಣ್ಣೆ 5 ಮಿಲಿಲೀಟರ್ ಒಂದು ಲೀಟರ್ ನೀರಿಗೆ, ಬೆರೆಯಲು ನಾಲ್ಕು ಹನಿ ಸೋಪು ಹಾಕಿಯೂ ಬಳಸಬಹುದು. ಯಾವುದಾದರೂ ಸರಿ, ಮೊದಲು ಒಂದೆರಡು ಎಲೆಗೆ ಹಾಕಿ ಮರುದಿನ ನೋಡಿ. ಬಿಸಿಲಿರುವಾಗ ಸಿಂಪಡಿಸಬೇಡಿ.

ಒಂದು ಸಲ ಸಿಂಪಡಿಸಿ ಕೈತೊಳೆದುಕೊಂಡರೆ ಎರಡು ವಾರಕ್ಕೆ ನುಸಿ ಮತ್ತೆ ಹಾಜರ್. ಸೋಪು ದೊಡ್ಡ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಗಳು ಉಳಿಯುತ್ತವೆ. 27 ಡಿಗ್ರಿಯ ಆಸುಪಾಸಿನಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಸುಮಾರು ಒಂದು ವಾರ ಸಾಕು. ಹಾಗಾಗಿ 5ರಿಂದ 7 ದಿನಕ್ಕೊಮ್ಮೆ, ಕನಿಷ್ಠ ಮೂರು ನಾಲ್ಕು ಸಲ ಮಾಡಲೇಬೇಕು.

ಮಾಮೂಲಿ ಕೀಟನಾಶಕ ತಂದು ಹೊಡೆಯುವುದು ಇಲ್ಲಿನ ದೊಡ್ಡ ತಪ್ಪು. ನುಸಿ ಎಂಟು ಕಾಲಿನ ಜೀವಿ, ಜೇಡದ ಬಳಗದ್ದು. ಕೀಟಗಳಿಗೆಂದು ಮಾಡಿದ ಎಷ್ಟೋ ಔಷಧ ಅದಕ್ಕೆ ನಾಟುವುದಿಲ್ಲ. ಕೆಲವು ಔಷಧಗಳಂತೂ ನುಸಿಯನ್ನು ತಿನ್ನುವ ಜೀವಿಗಳನ್ನೇ ಕೊಂದು ತೊಂದರೆ ಹೆಚ್ಚಿಸುತ್ತವೆ.

## ಹಂತ 7: ಕತ್ತರಿಸಿ, ಹೊಸ ಗಿಡ ಮಾಡಿಕೊಳ್ಳಿ

ಬಳ್ಳಿ ಉದ್ದ ಬಂದಷ್ಟೂ ಸಂತೋಷ ಅಂತ ಕತ್ತರಿ ಮುಟ್ಟದವರ ಗಿಡ ಬುಡದಲ್ಲಿ ಬೋಳಾಗುತ್ತದೆ. ಗೆಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಕೆಳಗಿನ ಗೆಣ್ಣುಗಳಿಂದ ಹೊಸ ಕವಲು ಬರುತ್ತವೆ. ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಸಲ ತೆಗೆಯಬೇಡಿ. ಪಟ್ಟೆಯ ತಳಿಯಲ್ಲಿ ಬರೀ ಹಸಿರಿನ ಕವಲು ಬಂದರೆ ಬುಡಕ್ಕೇ ಕತ್ತರಿಸಿ. ಬಿಟ್ಟರೆ ಅದೇ ಜೋರಾಗಿ ಬೆಳೆದು ಪಟ್ಟೆಯ ಕವಲುಗಳನ್ನು ಹಿಂದೆ ಹಾಕುತ್ತದೆ.

ಕತ್ತರಿಸಿದ್ದನ್ನು ಎಸೆಯಬೇಡಿ. ಐವಿ ಇಟ್ಟುಕೊಂಡವರು ಯಾವಾಗಲೂ ಒಂದು ಚಿಕ್ಕ ಕುಂಡದಲ್ಲಿ ಎಳೆಗಿಡ ಸಿದ್ಧವಿಟ್ಟಿರಬೇಕು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಗಿಡ ಬಿಸಿಗೆ ಹೋದರೂ ತಳಿ ಉಳಿಯುತ್ತದೆ.

1. ತೀರಾ ಎಳೆಯದೂ ಅಲ್ಲದ, ಮರದಂತೆ ಬಲಿತದ್ದೂ ಅಲ್ಲದ 10ರಿಂದ 12 ಸೆಂಟಿಮೀಟರ್ ತುಂಡು ಆರಿಸಿ. ಮೂರು ನಾಲ್ಕು ಗೆಣ್ಣು ಇರಲಿ.
2. ಕೆಳಗಿನ ಎರಡು ಗೆಣ್ಣುಗಳ ಎಲೆ ತೆಗೆಯಿರಿ.
3. ಕೋಕೋಪೀಟ್ ಮತ್ತು ಪರ್ಲೈಟ್ ಸಮಪಾಲು ಬೆರೆಸಿ ತೇವಮಾಡಿ, ಆ ಎರಡು ಗೆಣ್ಣು ಮುಚ್ಚುವ ಹಾಗೆ ನೆಡಿ. 10 ಸೆಂಟಿಮೀಟರ್ ಕುಂಡಕ್ಕೆ ಆರೇಳು ತುಂಡು ಹಾಕಿ. ಒಂದೇ ತುಂಡಿನಿಂದ ಕುಂಡ ತುಂಬುವುದಿಲ್ಲ.
4. ಮೇಲೆ ಪಾರದರ್ಶಕ ಚೀಲ ಮುಚ್ಚಿ, ಬಿಸಿಲು ಬೀಳದ ಬೆಳಕಿನಲ್ಲಿಡಿ. ಎರಡು ದಿನಕ್ಕೊಮ್ಮೆ ಚೀಲ ತೆಗೆದು ಗಾಳಿಯಾಡಿಸಿ.
5. ಮೂರು ನಾಲ್ಕು ವಾರದ ಮೇಲೆ ಮೆಲ್ಲಗೆ ಎಳೆದು ನೋಡಿ. ಹಿಡಿತ ಇದ್ದರೆ ಬೇರು ಬಂದಿದೆ.

ನೀರಿನ ಬಾಟಲಿಯಲ್ಲೂ ಬೇರು ಬರುತ್ತದೆ. ಬೇರು ಎರಡು ಮೂರು ಸೆಂಟಿಮೀಟರ್ ಆದ ಕೂಡಲೇ ಮಣ್ಣಿಗೆ ಹಾಕಿ. ಉದ್ದ ಬೆಳೆಯಲು ಬಿಟ್ಟರೆ ಮಣ್ಣಿಗೆ ಹಾಕಿದಾಗ ಮುರಿಯುತ್ತವೆ, ಗಿಡ ಒಗ್ಗಿಕೊಳ್ಳಲು ಕಷ್ಟಪಡುತ್ತದೆ.

ಬೇಡವಾದ ತುಂಡುಗಳನ್ನು ಹೊರಗೆ ಪೊದೆಗೋ ಕಾಡಿನಂಚಿಗೋ ಎಸೆಯಬೇಡಿ. ತಂಪು ಪ್ರದೇಶಗಳಲ್ಲಿ ಐವಿ ಅಲ್ಲೇ ಬೇರುಬಿಟ್ಟು ಸ್ಥಳೀಯ ಗಿಡಮರಗಳನ್ನು ಮುಚ್ಚಿಬಿಡುತ್ತದೆ. ಅಮೆರಿಕದ ಒರೆಗಾನ್ ರಾಜ್ಯ ಇದೇ ಕಾರಣಕ್ಕೆ ಅದರ ಮಾರಾಟವನ್ನೇ ನಿಷೇಧಿಸಿದೆ.

## ಹಂತ 8: ಗೊಬ್ಬರ, ಅದೂ ಕಮ್ಮಿ

ಹೊಸ ಚಿಗುರು ಬರುತ್ತಿರುವ ಕಾಲದಲ್ಲಿ ತಿಂಗಳಿಗೊಮ್ಮೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದ ಅರ್ಧದಷ್ಟು ದ್ರವ ಗೊಬ್ಬರ ಸಾಕು. ಮಣ್ಣು ಒದ್ದೆಯಿರುವಾಗಲೇ ಹಾಕಿ. ಕುಂಡ ಬದಲಿಸಿದ ಆರು ವಾರ, ಗಿಡ ಸೊರಗಿರುವಾಗ, ತೀರಾ ಚಳಿ ಅಥವಾ ತೀರಾ ಬಿಸಿ ಇರುವಾಗ ಹಾಕಬೇಡಿ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದರೆ ಉಪ್ಪು ಸೇರಿದೆ. ಆ ಪದರ ಕೆರೆದು ತೆಗೆದು, ಕುಂಡದ ಅಳತೆಯ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ ಬಸಿಯಿರಿ.

## ಎಚ್ಚರಿಕೆಯ ಗುರುತುಗಳು

ಬುಡದ ಒಂದೆರಡು ಎಲೆ ಹಳದಿ. ಹಳೆಯ ಎಲೆ ಉದುರುವುದು ಸಹಜ. ಏನೂ ಮಾಡಬೇಡಿ.

ಒಂದೇ ಸಲ ಬಹಳ ಎಲೆ ಹಳದಿ, ಮಣ್ಣು ಒದ್ದೆ. ನೀರು ಜಾಸ್ತಿ. ನಿಲ್ಲಿಸಿ, ಬೇರು ನೋಡಿ.

ಅಂಚು ಕಂದಾಗಿ ಗರಿಗರಿ. ಒಣಗಾಳಿ, ಒಣಗಿದ ಮಣ್ಣು, ಗೊಬ್ಬರದ ಉಪ್ಪು, ಮೂರರಲ್ಲಿ ಒಂದು. ಕುಂಡ ಎತ್ತಿ ತೂಕ ನೋಡಿ, ಮೇಲ್ಮಣ್ಣಿನ ಬಿಳಿ ಪದರ ನೋಡಿ. ಎರಡೂ ಸರಿಯಿದ್ದರೆ ಜಾಗ ಬದಲಿಸಿ.

ನೀರಿನಲ್ಲಿ ನೆನೆದಂಥ ಕಪ್ಪು ಚುಕ್ಕೆ, ಸುತ್ತ ಹಳದಿ ಬಳೆ. ಬ್ಯಾಕ್ಟೀರಿಯಾದ ಚುಕ್ಕೆರೋಗ. ನೀರಿನ ಹನಿ ಸಿಡಿದು ಹರಡುತ್ತದೆ. ಆ ಎಲೆಗಳನ್ನು ತೆಗೆದುಹಾಕಿ, ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗುಣವಾಗುವವರೆಗೆ ತೊಳೆಯುವುದನ್ನೂ ನಿಲ್ಲಿಸಿ.

ಎಲೆಯಡಿ ಒರಟಾದ ಕಂದು ಗಂಟು, ಕೀಟ ಇಲ್ಲ. ಬೇರು ಹೀರಿದಷ್ಟು ನೀರನ್ನು ಎಲೆ ಹೊರಬಿಡಲಾಗದೆ ಹೀಗಾಗುತ್ತದೆ. ರೋಗವಲ್ಲ. ನೀರು ಕಮ್ಮಿ ಮಾಡಿ, ಗಾಳಿ ಹೆಚ್ಚಿಸಿ.

ಎಲೆ ಅಂಟಂಟು. ಚಿಗುರಿನಲ್ಲಿ ಗಿಡಹೇನು, ಸಂದಿನಲ್ಲಿ ಬಿಳಿ ಹಿಟ್ಟುತಿಗಣೆ, ಕಾಂಡದ ಮೇಲೆ ಕಂದು ಚಿಪ್ಪಿನಂಥ ಕೀಟ ಇದೆಯೇ ಹುಡುಕಿ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ, ಆಮೇಲೆ ಸೋಪಿನ ನೀರು.

ಎಲೆ ಚಿಕ್ಕದು, ಎಲೆಯಿಂದ ಎಲೆಗೆ ಅಂತರ ಜಾಸ್ತಿ. ಬೆಳಕು ಸಾಲದು.

## ಗಿಡ ಸಾಯುತ್ತಿದೆ ಅನ್ನಿಸಿದಾಗ

ಮೊದಲು ನೀರಿನ ಚೊಂಬು ಕೆಳಗಿಡಿ. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಮತ್ತು ತೇವ ಇದ್ದರೆ ಆ ಬಳ್ಳಿಗೆ ಜೀವವಿದೆ. ಕಂದಾಗಿ ಒಣಗಿದ್ದರೆ ಇಲ್ಲ. ತುದಿಯಿಂದ ಬುಡದ ಕಡೆಗೆ ಕೆರೆಯುತ್ತಾ ಬಂದು, ಹಸಿರು ಸಿಗುವ ಜಾಗದವರೆಗೆ ಕತ್ತರಿಸಿ.

ಆಮೇಲೆ ಗಿಡ ಹೊರತೆಗೆದು ಬೇರು ನೋಡಿ. ಒಳ್ಳೆಯ ಬೇರು ಬೆಳ್ಳಗೋ ತಿಳಿಕಂದಾಗೋ ಇದ್ದು ಗಟ್ಟಿ ಇರುತ್ತದೆ. ಕೊಳೆತದ್ದು ಕಪ್ಪಗೆ ಮೆತ್ತಗೆ. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ಹಳೆಯ ಮಣ್ಣು ತೊಳೆದು, ಉಳಿದ ಬೇರಿಗೆ ಹೊಂದುವ ಚಿಕ್ಕ ಕುಂಡಕ್ಕೆ ಹೊಸ ಮಿಶ್ರಣ ಹಾಕಿ ನೆಡಿ. ಬೇರು ಎಷ್ಟು ಹೋಯಿತೋ ಮೇಲಿನ ಬಳ್ಳಿಯನ್ನೂ ಅದೇ ಲೆಕ್ಕದಲ್ಲಿ ಕಮ್ಮಿ ಮಾಡಿ. ಇಲ್ಲದಿದ್ದರೆ ಅಷ್ಟು ಎಲೆಗೆ ನೀರು ಕೊಡಲು ಉಳಿದ ಬೇರಿಗೆ ಆಗುವುದಿಲ್ಲ. ಮೂರನೇ ಒಂದು ಭಾಗದ ನಿಯಮ ಇಂಥ ಹೊತ್ತಿನಲ್ಲಿ ಲೆಕ್ಕಕ್ಕಿಲ್ಲ.

ಬೇರು ಅರ್ಧಕ್ಕಿಂತ ಹೆಚ್ಚು ಕೊಳೆತಿದ್ದರೆ ಆ ಗಿಡದ ಹಿಂದೆ ಬೀಳಬೇಡಿ. ಹಸಿರಿರುವ ಬಳ್ಳಿಗಳಿಂದ ಅದೇ ದಿನ ತುಂಡು ಮಾಡಿ, ತೊಳೆದು, ಹಂತ 7ರಂತೆ ನೆಡಿ. ಹಳೆಯ ಮಣ್ಣನ್ನು ಬೇರೆ ಕುಂಡಗಳಿಗೆ ಬಳಸಬೇಡಿ. ಕುಂಡವನ್ನು ಸೋಪು ಹಾಕಿ ಉಜ್ಜಿ, ಬಿಸಿಲಲ್ಲಿ ಪೂರ್ತಿ ಒಣಗಿಸಿದ ಮೇಲಷ್ಟೇ ಮತ್ತೆ ಉಪಯೋಗಿಸಿ.